ಕೊಡಗಿನ ಗೌರಮ್ಮನನ್ನು ಅಮೃತಶಿಲೆಯಲ್ಲಿ ಕಂಡ ಇಟಲಿಯ ಶಿಲ್ಪಿ: ಕಾರ್ಲೊ ಮರೊಕೆಟ್ಟಿ

ಬಳ್ಳಾರಿ ಸೀಮೆ ಎಂದರೆ ಕಲ್ಲಿನ ಸೀಮೆ. ನಗರದ ನಡುವೆಯೇ ಎದ್ದು ನಿಂತಿರುವ ಕೋಟೆಯ ಗುಡ್ಡ, ಹತ್ತಿರದ ಸಂಗನಕಲ್ಲಿನಲ್ಲಿ ಸಾವಿರಾರು ವರ್ಷಗಳ ಹಿಂದೆ ನೂತನ ಶಿಲಾಯುಗದ ಜನ ತಯಾರಿಸಿದ ಕಲ್ಲುಕೊಡಲಿಗಳು, ಕುರುಗೋಡಿನಲ್ಲಿ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವ, ಇವೆಲ್ಲ ಆ ನೆಲದ ಜನರಿಗೂ ಕಲ್ಲಿಗೂ ಇರುವ ಹಳೆಯ ನಂಟನ್ನು ಹೇಳುತ್ತವೆ. ಸಿರುಗುಪ್ಪದ ಕಡೆಯಿಂದ ಭತ್ತದ ಗದ್ದೆಗಳ ನಡುವೆ ಕುರುಗೋಡಿಗೆ ಬಂದು ಬಸವಣ್ಣನ ಮುಂದೆ ನಿಲ್ಲುವ ಭಕ್ತರು ಆ ಮೂರ್ತಿಯನ್ನು ಕಡೆದವನ ಹೆಸರನ್ನು ಕೇಳುವುದಿಲ್ಲ. ಕೇಳಿದರೂ ಹೇಳುವವರು ಸಿಗುವುದು ಕಷ್ಟ. ನಮ್ಮ ನಾಡಿನ ಎಷ್ಟೋ ಶಿಲ್ಪಿಗಳು ತಮ್ಮ ಕೆಲಸವನ್ನು ಬಿಟ್ಟುಹೋದರು, ಹೆಸರನ್ನು ಬಿಟ್ಟುಹೋಗಲಿಲ್ಲ.

ಇಲ್ಲಿ ನಾವು ಪರಿಚಯಿಸುತ್ತಿರುವ ಶಿಲ್ಪಿಯ ಸಂಗತಿ ಇದಕ್ಕೆ ತದ್ವಿರುದ್ಧ. ಅವರ ಹೆಸರು ಯುರೋಪಿನ ಅರಮನೆಗಳಲ್ಲಿ ಮನೆಮಾತಾಗಿತ್ತು. ರಾಜರು, ರಾಣಿಯರು, ಸೇನಾಪತಿಗಳು ಅವರ ಮುಂದೆ ಕುಳಿತು ತಮ್ಮ ರೂಪವನ್ನು ಕಲ್ಲಿನಲ್ಲಿ ಮಾಡಿಸಿಕೊಂಡರು. ಆದರೆ ಅವರ ಎರಡು ಕೃತಿಗಳು ಕನ್ನಡ ನಾಡಿಗೆ ಸಂಬಂಧಿಸಿದವು ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಆ ಶಿಲ್ಪಿಯೇ ಬ್ಯಾರನ್ ಕಾರ್ಲೊ ಮರೊಕೆಟ್ಟಿ.

ಬಾಲ್ಯ ಮತ್ತು ಶಿಕ್ಷಣ

ಮರೊಕೆಟ್ಟಿ ಜನಿಸಿದ್ದು 1805ರ ಜನವರಿಯಲ್ಲಿ, ಉತ್ತರ ಇಟಲಿಯ ಟೂರಿನ್ ನಗರದಲ್ಲಿ. ಸಂತ ಡಾನ್ ಬೋಸ್ಕೊ ಅವರ ಸೇವೆಯಿಂದಲೂ ಪ್ರಭು ಯೇಸುವಿನ ದೇಹವನ್ನು ಸುತ್ತಿದ್ದೆಂದು ಭಕ್ತರು ಗೌರವಿಸುವ ಪವಿತ್ರ ವಸ್ತ್ರದಿಂದಲೂ ಟೂರಿನ್ ನಮ್ಮ ಓದುಗರಿಗೆ ಪರಿಚಿತ ಊರು. ಆದರೆ ಮರೊಕೆಟ್ಟಿ ಹುಟ್ಟಿದಾಗ ಆ ನಗರ ನೆಪೋಲಿಯನ್ನನ ಫ್ರಾನ್ಸಿಗೆ ಸೇರಿಹೋಗಿತ್ತು. ತಂದೆ ವಿಂಚೆಂಜೊ ವಕೀಲರಾಗಿದ್ದರು. ಕುಟುಂಬ ಪ್ಯಾರಿಸ್ಸಿಗೆ ಹೋಗಿ ನೆಲೆಸಿತು. ಹೀಗಾಗಿ ಈ ಬಾಲಕ ಹುಟ್ಟಿನಿಂದ ಇಟಲಿಯವನು, ಶಿಕ್ಷಣದಿಂದ ಫ್ರಾನ್ಸಿನವನು. ಮುಂದೆ ದುಡಿಮೆಯಿಂದ ಇಂಗ್ಲೆಂಡಿನವರೂ ಆದರು. ಮೂರು ದೇಶಗಳಲ್ಲಿ ಬದುಕಿದರೂ ಪ್ರತಿಯೊಂದು ದೇಶದಲ್ಲಿಯೂ ಯಾರಾದರೊಬ್ಬರು ಅವರನ್ನು ಹೊರಗಿನವರೆಂದು ಕರೆಯುತ್ತಲೇ ಇದ್ದರು. ಈ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಪ್ಯಾರಿಸ್ಸಿನಲ್ಲಿ ಬೊಸಿಯೊ ಎಂಬ ಪ್ರಸಿದ್ಧ ಶಿಲ್ಪಿಯ ಬಳಿ ಅವರು ಕೆಲಸ ಕಲಿತರು. ರೋಮಿನಲ್ಲಿ ಕಲಿಯಲು ಸರಕಾರ ಕೊಡುತ್ತಿದ್ದ ದೊಡ್ಡ ಬಹುಮಾನಕ್ಕೆ ಸ್ಪರ್ಧಿಸಿದರೂ ಅದು ದಕ್ಕಲಿಲ್ಲ. ಅಷ್ಟಕ್ಕೆ ಕೈಚೆಲ್ಲದೆ ತಮ್ಮದೇ ಖರ್ಚಿನಲ್ಲಿ ರೋಮಿಗೆ ಹೋದರು. ಆ ಕಾಲದಲ್ಲಿ ಶಿಲ್ಪಿಗಳಿಗೆ ರೋಮ್ ಎಂದರೆ ಕಾಶಿ ಇದ್ದ ಹಾಗೆ. ಪುರಾತನ ಗ್ರೀಕ್ ಮತ್ತು ರೋಮನ್ ಪ್ರತಿಮೆಗಳು, ಮೈಕೆಲಾಂಜೆಲೊ ಮತ್ತು ಬೆರ್ನೀನಿಯ ಕೃತಿಗಳು, ಆಗಷ್ಟೇ ತೀರಿಕೊಂಡಿದ್ದ ಕನೋವಾನ ನುಣುಪಾದ ಅಮೃತಶಿಲೆಯ ಮೂರ್ತಿಗಳು ಎಲ್ಲವೂ ಅಲ್ಲಿದ್ದವು. ಹಳೆಯ ಗುರುಗಳ ಅಳತೆ, ಸಮತೋಲ, ಬಟ್ಟೆಯ ಮಡಿಕೆಗಳನ್ನು ಕಡೆಯುವ ರೀತಿ ಇವನ್ನೆಲ್ಲ ಅವರು ಅಲ್ಲಿಯೇ ಅರಗಿಸಿಕೊಂಡರು. ನಾಯಿಯೊಂದಿಗೆ ಆಡುವ ಹುಡುಗಿಯ ಮೂರ್ತಿ ಅವರಿಗೆ ಮೊದಲ ಪದಕವನ್ನು ತಂದುಕೊಟ್ಟಿತು. 1831ರಲ್ಲಿ ಪತನಗೊಂಡ ದೇವದೂತನ ಮೂರ್ತಿಯನ್ನು ಪ್ರದರ್ಶಿಸಿದರು.

ಟೂರಿನ್ನಿನ ಕುದುರೆ, ಪ್ಯಾರಿಸ್ಸಿನ ಬಲಿಪೀಠ

ಅವರಿಗೆ ದೊಡ್ಡ ಹೆಸರು ತಂದ ಕೃತಿ ತವರೂರಾದ ಟೂರಿನ್ನಿನ ಸ್ಯಾನ್ ಕಾರ್ಲೊ ಚೌಕದಲ್ಲಿದೆ. ಅದು ಸವೋಯ್ ಮನೆತನದ ದೊರೆ ಎಮಾನುಯೆಲೆ ಫಿಲಿಬೆರ್ತೊ ಕುದುರೆಯ ಮೇಲೆ ಕುಳಿತಿರುವ ಕಂಚಿನ ಪ್ರತಿಮೆ. ಪವಿತ್ರ ವಸ್ತ್ರವನ್ನು 1578ರಲ್ಲಿ ಟೂರಿನ್ನಿಗೆ ತರಿಸಿದ್ದು ಇದೇ ದೊರೆ. ಸಾಮಾನ್ಯವಾಗಿ ಇಂಥ ಪ್ರತಿಮೆಗಳಲ್ಲಿ ವೀರನು ಕತ್ತಿ ಹಿರಿದು ಮುನ್ನುಗ್ಗುತ್ತಿರುತ್ತಾನೆ. ಮರೊಕೆಟ್ಟಿ ಮಾತ್ರ ಯುದ್ಧ ಮುಗಿಸಿ ಕತ್ತಿಯನ್ನು ಒರೆಗೆ ಸೇರಿಸುತ್ತಿರುವ ದೊರೆಯನ್ನು ತೋರಿಸಿದರು. ಗೆದ್ದವನು ಶಾಂತಿಗೆ ಮರಳುವ ಕ್ಷಣ ಅದು. 1838ರಲ್ಲಿ ಅನಾವರಣಗೊಂಡ ಈ ಪ್ರತಿಮೆಯನ್ನು ಟೂರಿನ್ನಿನ ಜನ ಇಂದಿಗೂ ತಮ್ಮ ಆಡುಮಾತಿನಲ್ಲಿ ಕಂಚಿನ ಕುದುರೆ ಎಂದೇ ಕರೆಯುತ್ತಾರೆ. ದೊರೆ ಕಾರ್ಲೊ ಅಲ್ಬೆರ್ತೊ ಮರೊಕೆಟ್ಟಿಗೆ ಬ್ಯಾರನ್ ಪದವಿಯನ್ನು ನೀಡಿದ. ಫ್ರಾನ್ಸ್ ಸರಕಾರವೂ ತನ್ನ ಲೀಜನ್ ಆಫ್ ಆನರ್ ಗೌರವವನ್ನು ಕೊಟ್ಟಿತು.

ಇದೇ ವರ್ಷಗಳಲ್ಲಿ ಪ್ಯಾರಿಸ್ಸಿನ ವಿಜಯ ಕಮಾನಿಗೆ ಒಂದು ಯುದ್ಧದ ಉಬ್ಬುಶಿಲ್ಪವನ್ನೂ, ಚಿಕ್ಕ ವಯಸ್ಸಿನಲ್ಲಿ ಅಗಲಿದ ಇಟಲಿಯ ಸಂಗೀತಗಾರ ಬೆಲ್ಲೀನಿಯ ಸಮಾಧಿಯನ್ನೂ ಅವರು ಮಾಡಿದರು. ಆದರೆ ಕಥೋಲಿಕ ಓದುಗರು ಮುಖ್ಯವಾಗಿ ನೆನಪಿಡಬೇಕಾದದ್ದು ಅದೇ ನಗರದ ಮದ್ಲೆನ್ ದೇವಾಲಯದ ಪ್ರಧಾನ ಬಲಿಪೀಠವನ್ನು. ಹೊರಗಿನಿಂದ ನೋಡಿದರೆ ಆ ದೇವಾಲಯ ಕಂಬಸಾಲುಗಳ ಗ್ರೀಕ್ ಗುಡಿಯಂತಿದೆ. ಒಳಗೆ ಬಲಿಪೀಠದ ಮೇಲೆ ಬಿಳಿ ಅಮೃತಶಿಲೆಯಲ್ಲಿ ಮಗ್ದಲದ ಸಂತ ಮರಿಯಳನ್ನು ದೇವದೂತರು ಮೇಲಕ್ಕೆ ಒಯ್ಯುತ್ತಿದ್ದಾರೆ. ಸಂತ ಮರಿಯಳು ಕೊನೆಯ ವರ್ಷಗಳನ್ನು ಫ್ರಾನ್ಸಿನ ಒಂದು ಗುಹೆಯಲ್ಲಿ ತಪಸ್ಸಿನಲ್ಲಿ ಕಳೆದಳು, ಪ್ರಾರ್ಥನೆಯ ಹೊತ್ತಿನಲ್ಲಿ ದೇವದೂತರು ಆಕೆಯನ್ನು ಎತ್ತಿಕೊಳ್ಳುತ್ತಿದ್ದರು ಎಂಬುದು ಆ ನಾಡಿನ ಹಳೆಯ ಐತಿಹ್ಯ. ಮರೊಕೆಟ್ಟಿ ಅದನ್ನೇ ಆರಿಸಿಕೊಂಡರು. ಮಂಡಿಯೂರಿದ ಮರಿಯಳ ತೋಳುಗಳು ಚಾಚಿವೆ, ಮುಖದಲ್ಲಿ ಆಡಂಬರವಿಲ್ಲ. ಅಷ್ಟು ಭಾರದ ಕಲ್ಲು ಏರುತ್ತಿರುವಂತೆ ಕಾಣಿಸುವುದೇ ಈ ಕೃತಿಯ ವೈಶಿಷ್ಟ್ಯ. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜುಲೈ 22ರ ಮಗ್ದಲದ ಮರಿಯಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದರು. ಅದಕ್ಕಿಂತ ಸುಮಾರು 170 ವರ್ಷ ಮೊದಲೇ ಒಬ್ಬ ಶಿಲ್ಪಿ ಆಕೆಯನ್ನು ಮಹಾನಗರವೊಂದರ ಪ್ರಧಾನ ಬಲಿಪೀಠದ ಮೇಲೆ ನಿಲ್ಲಿಸಿದ್ದನ್ನು ನೆನೆಯಬೇಕು.

ಕೀರ್ತಿಯ ಜೊತೆಗೆ ಅಸೂಯೆಯೂ ಬಂತು. 1840ರಲ್ಲಿ ನೆಪೋಲಿಯನ್ನನ ಅಸ್ಥಿಯನ್ನು ಸೇಂಟ್ ಹೆಲೆನಾ ದ್ವೀಪದಿಂದ ಪ್ಯಾರಿಸ್ಸಿಗೆ ತಂದಾಗ ಸಮಾಧಿಯ ಕೆಲಸ ಮೊದಲು ಮರೊಕೆಟ್ಟಿಗೇ ಸಿಕ್ಕಿತ್ತು. ಸ್ಪರ್ಧೆ ನಡೆಸದೆ ಕೊಟ್ಟಿದ್ದೇಕೆ, ಅದೂ ಇಟಲಿಯವನಿಗೆ ಕೊಟ್ಟಿದ್ದೇಕೆ ಎಂದು ಗದ್ದಲವೆದ್ದಿತು. ಕೊನೆಗೆ ಸ್ಪರ್ಧೆ ನಡೆದು ಕೆಲಸ ವಿಸ್ಕೊಂಟಿ ಎಂಬ ವಾಸ್ತುಶಿಲ್ಪಿಯ ಪಾಲಾಯಿತು.

ಲಂಡನ್ನಿನ ದಿನಗಳು

1848ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ದೊರೆ ಲೂಯಿ ಫಿಲಿಪ್ ಸಿಂಹಾಸನ ಬಿಟ್ಟು ಇಂಗ್ಲೆಂಡಿಗೆ ಓಡಿದ. ಅವನ ಆಶ್ರಯದಲ್ಲಿದ್ದ ಮರೊಕೆಟ್ಟಿಯೂ ಲಂಡನ್ನಿಗೆ ಬಂದರು. ರಾಣಿ ವಿಕ್ಟೋರಿಯಾ ಮತ್ತು ಆಕೆಯ ಪತಿ ಆಲ್ಬರ್ಟ್ ಅವರ ಕೆಲಸವನ್ನು ಮೆಚ್ಚಿದರು. 1851ರ ಮಹಾ ಪ್ರದರ್ಶನದ ಹೊರಗೆ ಸಿಂಹಹೃದಯ ರಿಚರ್ಡನ ಬೃಹತ್ ಅಶ್ವಾರೋಹಿ ಪ್ರತಿಮೆಯ ಮಾದರಿಯನ್ನು ನಿಲ್ಲಿಸಿದಾಗ ಲಕ್ಷಾಂತರ ಜನ ನೋಡಿದರು. ಅದರ ಕಂಚಿನ ರೂಪ ಇಂದಿಗೂ ಬ್ರಿಟಿಷ್ ಸಂಸತ್ತಿನ ಹೊರಗಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ಬಿದ್ದಾಗ ಅದರ ಕತ್ತಿ ಬಾಗಿತ್ತಂತೆ, ಮುರಿಯಲಿಲ್ಲ.

ಮರೊಕೆಟ್ಟಿಯ ಮನೆಯ ಹಿಂದೆಯೇ ಅವರ ಎರಕದ ಶಾಲೆಯಿತ್ತು. ಲಂಡನ್ನಿನ ಟ್ರಫಾಲ್ಗರ್ ಚೌಕದ ನಾಲ್ಕು ಹೆಸರಾಂತ ಸಿಂಹಗಳ ರೂಪ ಚಿತ್ರಕಾರ ಲ್ಯಾಂಡ್‌ಸೀರ್ ಅವರದ್ದಾದರೂ ಕಂಚು ಎರಕವಾದದ್ದು ಇಲ್ಲಿಯೇ. ಹಳೆಯ ವೀರರ ಜೊತೆಗೆ ಹೊಸ ಕಾಲದ ವೀರರನ್ನೂ ಅವರು ಪೀಠದ ಮೇಲೆ ಏರಿಸಿದರು. ರೈಲು ದಾರಿ ಮತ್ತು ಸೇತುವೆಗಳನ್ನು ಕಟ್ಟಿದ ಎಂಜಿನಿಯರುಗಳಾದ ಬ್ರೂನೆಲ್, ರಾಬರ್ಟ್ ಸ್ಟೀಫನ್‌ಸನ್, ಜೋಸೆಫ್ ಲಾಕ್ ಇವರ ಪ್ರತಿಮೆಗಳು ಅವರವೇ. ರೋಮನ್ ಚಕ್ರವರ್ತಿಗೆ ಸಲ್ಲುತ್ತಿದ್ದ ನಿಲುವನ್ನು ಕೋಟು ಷರಾಯಿ ತೊಟ್ಟ ಎಂಜಿನಿಯರನಿಗೆ ಕೊಡುವುದು ಆಗ ಹೊಸತಾಗಿತ್ತು.

ಅಮೃತಶಿಲೆಯಲ್ಲಿ ಅವರ ಕೈ ಎಷ್ಟು ಮೃದುವಾಗಿತ್ತು ಎಂಬುದಕ್ಕೆ ವೈಟ್ ದ್ವೀಪದ ನ್ಯೂಪೋರ್ಟ್ ಊರಿನ ದೇವಾಲಯದಲ್ಲಿ ಒಂದು ಸಾಕ್ಷಿ ಇದೆ. ಶಿರಚ್ಛೇದಕ್ಕೆ ಗುರಿಯಾದ ದೊರೆ ಮೊದಲನೆಯ ಚಾರ್ಲ್ಸನ ಮಗಳು ಎಲಿಜಬೆತ್ ತನ್ನ 14ನೆಯ ವಯಸ್ಸಿನಲ್ಲಿ, 1650ರಲ್ಲಿ, ಆ ದ್ವೀಪದ ಕೋಟೆಯಲ್ಲಿ ಸೆರೆಯಾಗಿದ್ದಾಗ ತೀರಿಕೊಂಡಳು. ತೆರೆದ ಬೈಬಲಿನ ಮೇಲೆ ಕೆನ್ನೆಯಿಟ್ಟು ಪ್ರಾಣಬಿಟ್ಟಿದ್ದಳೆಂದು ಹೇಳುತ್ತಾರೆ. ಇನ್ನೂರು ವರ್ಷ ಆಕೆಯನ್ನು ಯಾರೂ ನೆನೆಯಲಿಲ್ಲ. ವಿಕ್ಟೋರಿಯಾ ರಾಣಿಯ ಅಪೇಕ್ಷೆಯಂತೆ 1856ರಲ್ಲಿ ಮರೊಕೆಟ್ಟಿ ಆ ಬಾಲೆಯನ್ನು ಹಾಗೆಯೇ ಮಲಗಿಸಿದರು. ಕೆನ್ನೆಯ ಕೆಳಗೆ ಗ್ರಂಥ, ನೆತ್ತಿಯ ಮೇಲೆ ಸೆರೆಮನೆಯ ಮುರಿದ ಸರಳುಗಳು.

ಅಮೃತಶಿಲೆಯ ಕೆಲಸ ಹೇಗೆ?

ಇಲ್ಲಿ ಕೆಲಸದ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಬಳ್ಳಾರಿ ಸೀಮೆಯ ಬಂಡೆ ಗ್ರಾನೈಟ್ ಜಾತಿಯದು. ಬೆಂಕಿಯಲ್ಲಿ ಹುಟ್ಟಿದ ಗಟ್ಟಿ ಕಲ್ಲು ಅದು. ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಕುರುಗೋಡಿನ ಬಸವನ ಚೆಲುವು ಇರುವುದು ಅದರ ಗಾತ್ರದಲ್ಲಿ ಮತ್ತು ಮೈಯ ತುಂಬಿದ ದುಂಡಿನಲ್ಲಿ. ಅಮೃತಶಿಲೆ ಸುಣ್ಣದ ಕಲ್ಲು ಭೂಮಿಯ ಒತ್ತಡ ಮತ್ತು ಕಾವಿಗೆ ಸಿಕ್ಕಿ ಮಾರ್ಪಟ್ಟದ್ದು. ಅದು ಅಷ್ಟು ಗಟ್ಟಿಯಲ್ಲ. ಬೆಳಕು ಅದರ ಮೈಯೊಳಗೆ ಕೊಂಚ ಇಳಿದು ಹಿಂದಿರುಗುವುದರಿಂದ ಮನುಷ್ಯರ ಚರ್ಮದಂತೆ ಜೀವ ತುಂಬಿದಂತೆ ಕಾಣುತ್ತದೆ. ಇಟಲಿಯ ಕರಾರಾ ಬೆಟ್ಟಗಳ ಬಿಳಿ ಕಲ್ಲನ್ನು ಶಿಲ್ಪಿಗಳು ಎರಡು ಸಾವಿರ ವರ್ಷಗಳಿಂದ ಬಯಸಿ ಬಯಸಿ ಕೊಂಡದ್ದು ಈ ಕಾರಣಕ್ಕೆ.

ಆ ಕಾಲದಲ್ಲಿ ಶಿಲ್ಪಿ ನೇರವಾಗಿ ಕಲ್ಲಿಗೆ ಕೈಹಾಕುತ್ತಿರಲಿಲ್ಲ. ಮೊದಲು ಜೇಡಿಮಣ್ಣಿನಲ್ಲಿ ರೂಪ, ಅದರಿಂದ ಪ್ಲಾಸ್ಟರಿನ ಅಚ್ಚು, ಆ ಅಚ್ಚಿನ ಮೇಲೆ ನೂರಾರು ಬಿಂದುಗಳನ್ನು ಗುರುತಿಸಿ ಅಷ್ಟೇ ಆಳಕ್ಕೆ ಕಲ್ಲಿನಲ್ಲಿ ಕೊರೆಯುವುದು. ಈ ಒರಟು ಕೆಲಸವನ್ನು ನುರಿತ ಕೆಲಸಗಾರರು ಮಾಡುತ್ತಿದ್ದರು. ಮುಖ, ಬೆರಳು, ಕೂದಲಿನ ಕೊನೆಯ ನಯವನ್ನು ಗುರುವೇ ಮಾಡುತ್ತಿದ್ದ. ಆದ್ದರಿಂದ ಮರೊಕೆಟ್ಟಿಯ ಒಂದೊಂದು ಮೂರ್ತಿಯ ಹಿಂದೆಯೂ ಕುರುಗೋಡಿನ ಶಿಲ್ಪಿಯಂತೆಯೇ ಹೆಸರಿಲ್ಲದ ಹಲವು ಕೈಗಳಿವೆ.

ಬಿಳಿಯ ಕಲ್ಲಿಗೆ ಬಣ್ಣ

ಹಳೆಯ ಗ್ರೀಕ್ ಮೂರ್ತಿಗಳು ಅಚ್ಚ ಬಿಳಿ ಎಂದು ಆಗಿನ ವಿದ್ವಾಂಸರಲ್ಲಿ ಹೆಚ್ಚಿನವರು ನಂಬಿದ್ದರು. ನಿಜವಾಗಿ ಗ್ರೀಕರು ತಮ್ಮ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಮಳೆ ಬಿಸಿಲಿಗೆ ಬಣ್ಣ ಹೋಗಿ ಕಲ್ಲು ಮಾತ್ರ ಉಳಿದಿತ್ತು. ಇದು ತಿಳಿದಿದ್ದ ಕೆಲವೇ ಶಿಲ್ಪಿಗಳಲ್ಲಿ ಮರೊಕೆಟ್ಟಿ ಒಬ್ಬರು. ಅವರು ಅಮೃತಶಿಲೆಗೆ ತೆಳುವಾಗಿ ಬಣ್ಣ ಕೊಡುವ ಪ್ರಯೋಗ ಮಾಡಿದರು. ಪರಂಪರೆಗೆ ಮರಳುವುದೇ ಅಂದಿನವರಿಗೆ ಹೊಸತನವಾಗಿ ಕಂಡಿತು, ಹಲವರು ಗೇಲಿ ಮಾಡಿದರು. ಆದರೆ ಇದೇ ಪ್ರಯೋಗದಿಂದ ಕನ್ನಡ ನಾಡಿನ ಒಬ್ಬ ಹೆಣ್ಣುಮಗಳ ಮುಖ ತನ್ನ ಮೈಬಣ್ಣದೊಂದಿಗೆ ಉಳಿದುಬಂತು.

ಕೊಡಗಿನ ರಾಜಕುಮಾರಿ

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಚಿಕವೀರ ರಾಜೇಂದ್ರ ಕಾದಂಬರಿಯನ್ನು ಓದಿದವರಿಗೆ ಕೊಡಗಿನ ಕೊನೆಯ ಅರಸನ ಪರಿಚಯವಿದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅವನನ್ನು ಸಿಂಹಾಸನದಿಂದ ಇಳಿಸಿ ಕೊಡಗನ್ನು ವಶಮಾಡಿಕೊಂಡಿತು, ಅರಸನನ್ನು ಕಾಶಿಯಲ್ಲಿ ಇರಿಸಿತು. ಕೊಡಗಿನ ಆ ಅರಸು ಮನೆತನಕ್ಕೂ ಕರಾವಳಿಯ ಕ್ರೈಸ್ತರಿಗೂ ಒಂದು ಋಣವಿದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ನಮ್ಮ ಜನರಲ್ಲಿ ಕೆಲವರಿಗೆ ವೀರಾಜಪೇಟೆಯಲ್ಲಿ ನೆಲೆ ಕೊಟ್ಟವನು ದೊಡ್ಡ ವೀರರಾಜೇಂದ್ರ. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಿಂದಿನದು. ಆ ದೊಡ್ಡ ವೀರರಾಜೇಂದ್ರ ಚಿಕ್ಕ ವೀರರಾಜೇಂದ್ರನಿಗೆ ದೊಡ್ಡಪ್ಪ.

ಕಾಶಿಯಲ್ಲಿ 1841ರಲ್ಲಿ ಹುಟ್ಟಿದ ಅರಸನ ಮಗಳೇ ಗೌರಮ್ಮ. ಕಂಪೆನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ದಾವೆ ಹೂಡಲು 1852ರಲ್ಲಿ ಇಂಗ್ಲೆಂಡಿಗೆ ಹೋದ ಅರಸ ಮಗಳನ್ನೂ ಕರೆದೊಯ್ದ. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆಕೆಗೆ ಆಂಗ್ಲಿಕನ್ ಸಭೆಯ ಕ್ರಮದಂತೆ ದೀಕ್ಷಾಸ್ನಾನವಾಯಿತು. ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನೇ ಕೊಟ್ಟಳು. ಗೌರಮ್ಮ ವಿಕ್ಟೋರಿಯಾ ಗೌರಮ್ಮಳಾದಳು. ಅಲ್ಲಿಂದ ಮುಂದೆ ಆಕೆ ಬೆಳೆದದ್ದು ತಂದೆಯಿಂದ ದೂರವಾಗಿ, ಇಂಗ್ಲಿಷ್ ಮನೆಗಳಲ್ಲಿ. ರಾಜ್ಯ ಕಳೆದುಕೊಂಡಿದ್ದ ಇನ್ನೊಬ್ಬ ಅರಸುಮಗ, ಪಂಜಾಬಿನ ದುಲೀಪ್ ಸಿಂಗನಿಗೆ ಆಕೆಯನ್ನು ಕೊಡಬೇಕೆಂದು ರಾಣಿ ಬಯಸಿದ್ದರೂ ಅದು ನೆರವೇರಲಿಲ್ಲ.

1856ರಲ್ಲಿ ರಾಣಿಯ ಕೋರಿಕೆಯಂತೆ ಮರೊಕೆಟ್ಟಿ ಗೌರಮ್ಮಳ ಎದೆಮಟ್ಟದ ಪ್ರತಿಮೆಯನ್ನು ಅಮೃತಶಿಲೆಯಲ್ಲಿ ಮಾಡಿದರು. ಹದಿನೈದರ ಹರೆಯದ ಹುಡುಗಿ. ಕಲ್ಲು ಬಿಳಿ, ಆದರೆ ಹುಡುಗಿ ಬಿಳಿಯಳಲ್ಲ. ಬಿಳಿಯಾಗಿಯೇ ಬಿಟ್ಟಿದ್ದರೆ ಆಕೆ ಇನ್ನೊಬ್ಬ ಇಂಗ್ಲಿಷ್ ಹುಡುಗಿಯಂತೆ ಕಾಣುತ್ತಿದ್ದಳೇನೋ. ಮರೊಕೆಟ್ಟಿ ಬಣ್ಣ ಕೊಟ್ಟರು. ದುಲೀಪ್ ಸಿಂಗನ ಪ್ರತಿಮೆಯನ್ನೂ ಅದೇ ರೀತಿ ಮಾಡಿದರು. ಹೆಸರು, ಉಡುಗೆ, ನುಡಿ, ಧರ್ಮ ಎಲ್ಲವೂ ಬದಲಾಗಿದ್ದ ಆ ಹುಡುಗಿಯಲ್ಲಿ ಬದಲಾಗದೆ ಉಳಿದದ್ದನ್ನು ಹೊರಗಿನವನೆಂದು ಕರೆಸಿಕೊಂಡ ಒಬ್ಬ ಶಿಲ್ಪಿ ಗುರುತಿಸಿದ್ದು ಗಮನಿಸಬೇಕಾದ ಮಾತು. ಆ ಪ್ರತಿಮೆ ವೈಟ್ ದ್ವೀಪದಲ್ಲಿರುವ ರಾಣಿಯ ಆಸ್‌ಬರ್ನ್ ಮನೆಯ ಸಂಗ್ರಹಕ್ಕೆ ಸೇರಿದೆ.

ಗೌರಮ್ಮಳ ಬದುಕು ಬಹಳ ದಿನ ಬಾಳಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲಿಯೇ ತೀರಿಕೊಂಡ. 1860ರಲ್ಲಿ ಆಕೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಒಂದು ಹೆಣ್ಣುಮಗುವಾಯಿತು. 1864ರಲ್ಲಿ, 22ರ ವಯಸ್ಸಿನಲ್ಲಿ, ಆಕೆ ಕಣ್ಣುಮುಚ್ಚಿದಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ತಂದೆಯ ರಾಜ್ಯವನ್ನು ಆಕೆ ಒಮ್ಮೆಯೂ ಕಣ್ಣಾರೆ ಕಾಣಲಿಲ್ಲ.

ಬೆಂಗಳೂರಿನ ಕಬ್ಬನ್

ಈಗ ಎರಡನೆಯ ಕೃತಿಗೆ ಬರೋಣ. ಗೌರಮ್ಮಳ ತಂದೆಯ ರಾಜ್ಯ ಹೋದ 1834ರಲ್ಲಿಯೇ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆದ. ಮೈಸೂರಿನ ಜೊತೆಗೆ ಕೊಡಗಿನ ಮೇಲ್ವಿಚಾರಣೆಯೂ ಅವನ ಕೈಯಲ್ಲಿತ್ತು. 27 ವರ್ಷ ಆಡಳಿತ ನಡೆಸಿ 1861ರಲ್ಲಿ ಊರಿಗೆ ಹೊರಟ ಕಬ್ಬನ್ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅವನ ನೆನಪಿಗೆ ಕುದುರೆಯ ಮೇಲೆ ಕುಳಿತ ಕಂಚಿನ ಪ್ರತಿಮೆ ಮಾಡುವ ಕೆಲಸ ಮರೊಕೆಟ್ಟಿಗೆ ಬಂತು. 1866ರಲ್ಲಿ ಅದು ಬೆಂಗಳೂರಿನಲ್ಲಿ ಅನಾವರಣಗೊಂಡಿತು. ಬಹುಕಾಲ ಅಠಾರ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ, ಆವರಣದಲ್ಲಿದ್ದ ಆ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿನ ಒಳಗೆ ಸ್ಥಳಾಂತರಿಸಲಾಯಿತು.

ಒಬ್ಬನೇ ಶಿಲ್ಪಿ ರಾಜ್ಯ ಕಳೆದುಕೊಂಡವನ ಮಗಳನ್ನೂ ಮಾಡಿದ, ಆ ರಾಜ್ಯದ ಆಡಳಿತ ನಡೆಸಿದವನನ್ನೂ ಮಾಡಿದ. ಆಳಿದವನ ಪ್ರತಿಮೆ ನಮ್ಮ ರಾಜಧಾನಿಯ ಬಯಲಿನಲ್ಲಿ ನಿಂತಿತು, ನಮ್ಮ ಹುಡುಗಿಯ ಪ್ರತಿಮೆ ದೂರದ ದ್ವೀಪದ ಮನೆಯೊಳಗೆ ಉಳಿಯಿತು. ಆಗ ಕರಾವಳಿಯೂ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ಸಿರುಗುಪ್ಪ ಕಡೆಯ ತಾಲೂಕುಗಳು 1953ರಲ್ಲಿ, ದಕ್ಷಿಣ ಕನ್ನಡ ಮತ್ತು ಕೊಡಗು 1956ರಲ್ಲಿ ಮೈಸೂರಿನೊಂದಿಗೆ ಒಂದಾದವು. ಆದ್ದರಿಂದ ಕಬ್ಬನ್ ಮತ್ತು ಗೌರಮ್ಮ ಇಬ್ಬರೂ ಈಗ ಕರ್ನಾಟಕದ ಎಲ್ಲರ ಚರಿತ್ರೆಗೆ ಸೇರಿದವರು.

ಕಾನ್ಪುರದ ದೇವದೂತ

ಭಾರತದಲ್ಲಿ ಮರೊಕೆಟ್ಟಿಯ ಬೇರೆ ಕೃತಿಗಳೂ ಇವೆ. ಮುಂಬಯಿಯ ಟೌನ್ ಹಾಲಿನಲ್ಲಿರುವ ಸರ್ ಜಮ್ಶೇಟ್‌ಜಿ ಜೀಜೀಭಾಯಿ ಅವರ ಪ್ರತಿಮೆ ಅವುಗಳಲ್ಲಿ ಒಂದು. ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು ಕಾನ್ಪುರದ ಅಮೃತಶಿಲೆಯ ದೇವದೂತ. 1857ರ ಜುಲೈಯಲ್ಲಿ ಅಲ್ಲಿ ಸೆರೆಯಲ್ಲಿದ್ದ ಬ್ರಿಟಿಷ್ ಹೆಂಗಸರು ಮಕ್ಕಳನ್ನು ಕೊಂದು ಬಾವಿಗೆ ಹಾಕಲಾಯಿತು. ಅದಕ್ಕೆ ಪ್ರತೀಕಾರವಾಗಿ ಬ್ರಿಟಿಷರು ಲೆಕ್ಕವಿಲ್ಲದಷ್ಟು ಭಾರತೀಯರನ್ನು ಕೊಂದರು. ಬಾವಿಯ ಮೇಲೆ ನಿಲ್ಲಿಸಲು ಕ್ಯಾನಿಂಗ್ ದಂಪತಿ ಮರೊಕೆಟ್ಟಿಯಿಂದ ದೇವದೂತನನ್ನು ಮಾಡಿಸಿದರು. ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು, ಎರಡರಲ್ಲೂ ಗರಿಗಳನ್ನು ಹಿಡಿದು, ತಲೆ ತಗ್ಗಿಸಿ ನಿಂತ ದೇವದೂತ. ಗರಿ ರಕ್ತಸಾಕ್ಷಿಗಳ ಗುರುತು. ಮುಖದಲ್ಲಿ ಸಿಟ್ಟಿಲ್ಲ, ಸೇಡಿಲ್ಲ, ದುಃಖ ಮಾತ್ರವಿದೆ.

ಆದರೆ ಆ ದುಃಖದ ಬಳಿಗೆ ಅಪ್ಪಣೆಯಿಲ್ಲದೆ ಹೋಗಲು ಭಾರತೀಯರಿಗೆ ಅವಕಾಶವಿರಲಿಲ್ಲ. ಒಂದು ಕಡೆಯ ಸಾವಿಗೆ ಅಮೃತಶಿಲೆ, ಇನ್ನೊಂದು ಕಡೆಯ ಸಾವಿಗೆ ಏನೂ ಇಲ್ಲ ಎಂಬ ಸ್ಥಿತಿ. ಶಿಲ್ಪಿ ಕಡೆದದ್ದು ಕ್ಷಮೆಯನ್ನು, ಸರಕಾರ ಹಾಕಿದ್ದು ಬೇಲಿಯನ್ನು. ಸ್ವಾತಂತ್ರ್ಯದ ನಂತರ ದೇವದೂತನನ್ನು ನಗರದ ಸ್ಮಾರಕ ದೇವಾಲಯದ ಆವರಣಕ್ಕೆ ಸಾಗಿಸಲಾಯಿತು. ಹಳೆಯ ಜಾಗ ಈಗ ನಾನಾ ರಾವ್ ಉದ್ಯಾನವಾಗಿದೆ.

ಕೊನೆಯ ದಿನಗಳು

1861ರ ಡಿಸೆಂಬರಿನಲ್ಲಿ ಆಲ್ಬರ್ಟ್ ತೀರಿಕೊಂಡಾಗ ಫ್ರಾಗ್‌ಮೋರ್ ಸಮಾಧಿಗೃಹಕ್ಕೆ ಮಲಗಿದ ಪ್ರತಿಮೆ ಮಾಡಲು ರಾಣಿ ಕರೆಸಿದ್ದು ಮರೊಕೆಟ್ಟಿಯನ್ನೇ. ತನ್ನ ಪ್ರತಿಮೆಯನ್ನೂ ಜೊತೆಯಲ್ಲಿಯೇ ಮಾಡಿಸಿಕೊಂಡಳು. ರಾಣಿ ತೀರಿಕೊಂಡದ್ದು 1901ರಲ್ಲಿ, ಮುದುಕಿಯಾಗಿ. ಅಷ್ಟರಲ್ಲಿ ಆ ಪ್ರತಿಮೆ ಎಲ್ಲಿದೆ ಎಂಬುದೇ ಮರೆತುಹೋಗಿ ಹುಡುಕಬೇಕಾಯಿತು. ಹೀಗಾಗಿ ವೃದ್ಧ ರಾಣಿಯ ಸಮಾಧಿಯ ಮೇಲೆ ಪತಿಯ ಪಕ್ಕದಲ್ಲಿ ಮಲಗಿರುವುದು ನಲವತ್ತರ ಆಸುಪಾಸಿನ ಹೆಂಗಸು. ಇಬ್ಬರನ್ನೂ ಹೊತ್ತಿರುವ ಶವಪೆಟ್ಟಿಗೆ ಮಾತ್ರ ಅಮೃತಶಿಲೆಯದಲ್ಲ, ಗ್ರಾನೈಟಿನದು.

ಇಂಗ್ಲೆಂಡಿನ ಶಿಲ್ಪಿಗಳು ಹಲವು ವರ್ಷ ಮರೊಕೆಟ್ಟಿಯನ್ನು ದೂರವಿಟ್ಟಿದ್ದರು. ರಾಯಲ್ ಅಕಾಡೆಮಿ ಅವರನ್ನು ಪೂರ್ಣ ಸದಸ್ಯರನ್ನಾಗಿ ಒಪ್ಪಿಕೊಂಡದ್ದು 1866ರಲ್ಲಿ. ಮರುವರ್ಷ, 1867ರ ಡಿಸೆಂಬರ್ 29ರಂದು, ಪ್ಯಾರಿಸ್ಸಿನ ಪಾಸಿಯಲ್ಲಿ ಅವರು ನಿಧನರಾದರು. ವಯಸ್ಸು 62. ಸೇನ್ ನದಿಯ ದಡದ ವೋ ಎಂಬ ತಮ್ಮ ಊರಿನ ಮಣ್ಣಿನಲ್ಲಿಯೇ ಅವರನ್ನು ಹೂಳಲಾಯಿತು.

ಬಹಳ ಬೇಗ ಜನ ಅವರನ್ನು ಮರೆತರು. ಗ್ಲಾಸ್ಗೊ ನಗರದಲ್ಲಿ ಅವರು ಮಾಡಿದ ವೆಲಿಂಗ್ಟನ್ ಪ್ರತಿಮೆ ಇಂದು ಹೆಸರಾಗಿರುವುದು ಅದರ ತಲೆಯ ಮೇಲೆ ತುಂಟ ಹುಡುಗರು ಮತ್ತೆ ಮತ್ತೆ ತಂದಿಡುವ ಟ್ರಾಫಿಕ್ ಟೋಪಿಯಿಂದ. ದೊರೆಗಳ ಗಾಂಭೀರ್ಯಕ್ಕೆ ಕಾಲ ಕೊಡುವ ಬೆಲೆ ಇಷ್ಟೇ. ಸೆರೆಯಲ್ಲಿ ಸತ್ತ ಬಾಲೆ, ಏಳುತ್ತಿರುವ ಮರಿಯ, ತಲೆ ತಗ್ಗಿಸಿದ ದೇವದೂತ, ತವರು ಕಾಣದ ಗೌರಮ್ಮ, ಇವರ ಮುಂದೆ ಮಾತ್ರ ಯಾರೂ ನಗುವುದಿಲ್ಲ.

ಕಬ್ಬನ್ ಪಾರ್ಕಿಗೆ ಹೋದಾಗ ಕುದುರೆಯ ಮೇಲಿರುವ ಕಬ್ಬನ್ನನನ್ನು ಒಮ್ಮೆ ನಿಂತು ನೋಡಿ. ಅದೇ ಕೈ ಕಡೆದ ಕೊಡಗಿನ ಮಗಳನ್ನೂ ಆಗ ನೆನಪು ಮಾಡಿಕೊಳ್ಳಿ.